ಹೃದಯಾಘಾತ: ಕಳೆದುಹೋಗುವ ಗಂಟೆಗಳ ಲೆಕ್ಕ

ಮಾನವನ ಹೃದಯವು ಅವನ ಮುಷ್ಟಿಯಷ್ಟು ಗಾತ್ರದ ಒಂದು ಸ್ನಾಯು. ನಿಮಿಷಕ್ಕೆ ಸುಮಾರು 70 ಬಾರಿಯಂತೆ ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿ ಅದು ಮಿಡಿಯುತ್ತದೆ. ಹಬ್ಬದ ರಜೆಯಾಗಲಿ ವಾರದ ರಜೆಯಾಗಲಿ ಅದಕ್ಕಿಲ್ಲ. ಇಂತಹ ನಿಷ್ಠಾವಂತ ಸೇವಕನು ಒಂದು ದಿನ ಸಹಾಯ ಬೇಡಿ ಕೂಗಿದಾಗ ನಾವು ಎಷ್ಟು ಬೇಗ ಕಿವಿಗೊಡುತ್ತೇವೆ ಎಂಬುದೇ ಈ ಲೇಖನದ ವಿಷಯ.

ಈ ಲೇಖಕನು ವೈದ್ಯನಲ್ಲ. ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವವನು. ಆದರೆ ವೈದ್ಯಕೀಯ ಸಂಶೋಧನೆಯ ವರದಿಗಳೂ ಒಂದು ಬಗೆಯ ಲೆಕ್ಕಪತ್ರಗಳೇ. ಎಷ್ಟು ರೋಗಿಗಳು ಬಂದರು, ಯಾವ ಔಷಧ ಪಡೆದರು, ಎಷ್ಟು ಮಂದಿ ಉಳಿದರು ಎಂಬ ಜಮಾ-ಖರ್ಚು ಅವುಗಳಲ್ಲಿರುತ್ತದೆ. ಆ ಲೆಕ್ಕವನ್ನು ಸಂಘದ ಬಂಧುಗಳ ಮುಂದೆ ಬಿಡಿಸಿಡುವುದಷ್ಟೇ ಇಲ್ಲಿಯ ಪ್ರಯತ್ನ. ರೋಗಿಯೊಬ್ಬನಿಗೆ ಯಾವ ಚಿಕಿತ್ಸೆ ತಕ್ಕುದೆಂಬುದನ್ನು ಅವನ ವೈದ್ಯರೇ ನಿರ್ಧರಿಸತಕ್ಕದ್ದು.

ಹೃದಯಕ್ಕೆ ಆಘಾತವಾಗುವ ಬಗೆ

ಇಡೀ ದೇಹಕ್ಕೆ ರಕ್ತವನ್ನು ಒದಗಿಸುವ ಹೃದಯಕ್ಕೂ ತನ್ನ ಪಾಲಿನ ರಕ್ತ ಬೇಕು. ಅದನ್ನು ಅದರ ಮೇಲ್ಮೈಯಲ್ಲಿ ಹರಡಿರುವ ಪರಿಧಮನಿಗಳೆಂಬ ನಾಳಗಳು ಒದಗಿಸುತ್ತವೆ. ವರ್ಷಗಳು ಉರುಳಿದಂತೆ ಈ ನಾಳಗಳ ಒಳಗೋಡೆಯಲ್ಲಿ ಕೊಬ್ಬು ಸೇರಿ ದಪ್ಪವಾಗುತ್ತದೆ. ಒಂದು ದಿನ ಆ ಕೊಬ್ಬಿನ ಪದರವು ಬಿರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ನಾಳವು ಮುಚ್ಚಿಹೋಗುತ್ತದೆ. ಆ ನಾಳವನ್ನೇ ನಂಬಿದ್ದ ಸ್ನಾಯುವಿನ ಭಾಗವು ರಕ್ತವಿಲ್ಲದೆ ಸಾಯತೊಡಗುತ್ತದೆ. ಇದೇ ಹೃದಯಾಘಾತ.

ಇಲ್ಲಿ ಗಮನಿಸಬೇಕಾದುದು ‘ಸಾಯತೊಡಗುತ್ತದೆ’ ಎಂಬ ಮಾತನ್ನು. ಸ್ನಾಯುವು ಒಂದೇ ಕ್ಷಣದಲ್ಲಿ ನಾಶವಾಗುವುದಿಲ್ಲ. ನಿಮಿಷ ನಿಮಿಷಕ್ಕೂ ಸ್ವಲ್ಪ ಸ್ವಲ್ಪವಾಗಿ, ಹಲವು ಗಂಟೆಗಳ ಅವಧಿಯಲ್ಲಿ ನಾಶವಾಗುತ್ತದೆ. ಸತ್ತ ಭಾಗವು ಮತ್ತೆ ಹುಟ್ಟುವುದಿಲ್ಲ. ಆದರೆ ನಡುವೆ ನಾಳವನ್ನು ತೆರೆದರೆ ಉಳಿದ ಭಾಗವು ಬದುಕುತ್ತದೆ.

ಈ ಸಂಗತಿ ಖಚಿತವಾದುದು ಬಹಳ ಹಿಂದೇನೂ ಅಲ್ಲ. ರಕ್ತದ ಹೆಪ್ಪು ಆಘಾತಕ್ಕೆ ಕಾರಣವೋ ಅಥವಾ ಆಘಾತದ ಫಲವೋ ಎಂದು ವೈದ್ಯರಲ್ಲೇ ವಿವಾದವಿತ್ತು. 1980ರಲ್ಲಿ ಅಮೆರಿಕದ ಡಾ. ಡಿವುಡ್ ಮತ್ತು ಸಂಗಡಿಗರು, ನೋವು ಆರಂಭವಾದ ನಾಲ್ಕು ಗಂಟೆಗಳೊಳಗೆ ಬಂದ 126 ರೋಗಿಗಳ ಪರಿಧಮನಿಗಳ ಚಿತ್ರ ತೆಗೆದು ನೋಡಿದರು. ಅವರಲ್ಲಿ 110 ಮಂದಿಯ ನಾಳವು ಪೂರ್ಣವಾಗಿ ಮುಚ್ಚಿತ್ತು. ಮುಚ್ಚಿದ ಬಾಗಿಲು ಕಂಡಮೇಲೆ ಅದನ್ನು ತೆರೆಯುವ ಯತ್ನಕ್ಕೆ ಹೊಸ ಬಲ ಬಂದಿತು.

ರೋಗವನ್ನು ಗುರುತಿಸುವ ಬಗೆ

ಹೃದಯಾಘಾತದ ನಿರ್ಣಯಕ್ಕೆ ಇಂದಿಗೂ ಮೊದಲ ಸಾಧನ ಇ.ಸಿ.ಜಿ. ಹಾಲೆಂಡಿನ ವಿಲೆಮ್ ಐಂತೋವನ್ ಅವರು ಇದರ ಯಂತ್ರವನ್ನು ರೂಪಿಸಿ 1924ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಹೃದಯದ ವಿದ್ಯುತ್ ಸಂಚಾರವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಈ ಪರೀಕ್ಷೆಗೆ ಕೆಲವೇ ನಿಮಿಷಗಳು ಸಾಕು. ಸೂಜಿಯೂ ಇಲ್ಲ, ನೋವೂ ಇಲ್ಲ. ದೊಡ್ಡ ನಾಳವೊಂದು ಪೂರ್ಣವಾಗಿ ಮುಚ್ಚಿದಾಗ ಆ ಗೆರೆಯ ಒಂದು ಭಾಗವು ಸಾಮಾನ್ಯವಾಗಿ ಮೇಲಕ್ಕೆ ಏರಿರುತ್ತದೆ. ಎದೆನೋವಿನ ರೋಗಿ ಬಂದ 10 ನಿಮಿಷಗಳೊಳಗೆ ಇ.ಸಿ.ಜಿ. ತೆಗೆಯಬೇಕೆಂಬುದು ಇಂದಿನ ಅಂತರರಾಷ್ಟ್ರೀಯ ಮಾರ್ಗಸೂಚಿ.

ಎರಡನೆಯದು ರಕ್ತಪರೀಕ್ಷೆ. ಹೃದಯದ ಸ್ನಾಯುವಿಗೆ ಹಾನಿಯಾದಾಗ ಟ್ರೋಪೋನಿನ್ ಎಂಬ ವಸ್ತುವು ಸೋರಿ ರಕ್ತಕ್ಕೆ ಸೇರುತ್ತದೆ. ಆದರೆ ಅದು ರಕ್ತದಲ್ಲಿ ಏರಲು ಸ್ವಲ್ಪ ಕಾಲ ಹಿಡಿಯುತ್ತದೆ. ಆದುದರಿಂದ ವೈದ್ಯರು ಸ್ವಲ್ಪ ಹೊತ್ತಿನ ಮೇಲೆ ಅದೇ ಪರೀಕ್ಷೆಯನ್ನು ಪುನಃ ಮಾಡಿಸುವುದುಂಟು. ಹಾಗೆಯೇ ಮೊದಲ ಇ.ಸಿ.ಜಿ. ಸರಿಯಾಗಿದೆ ಎಂದ ಮಾತ್ರಕ್ಕೆ ಹೃದಯಾಘಾತ ಇಲ್ಲವೆಂದು ತೀರ್ಮಾನಿಸಲಾಗದು. ‘ಒಮ್ಮೆ ತೆಗೆದದ್ದಾಯಿತಲ್ಲ, ಮತ್ತೇಕೆ?’ ಎಂದು ಆಸ್ಪತ್ರೆಯಿಂದ ಎದ್ದು ಬರುವುದು ತರವಲ್ಲ. ವಾಸಿಸುವ ಖಾತೆಯನ್ನು ಒಂದೇ ದಿನದ ಶಿಲ್ಕು ನೋಡಿ ಅಳೆಯಲಾಗದಷ್ಟೆ.

ನಾಳ ತೆರೆಯುವ ಔಷಧ: ಎರಡು ದೊಡ್ಡ ಪರೀಕ್ಷೆಗಳು

ಹೆಪ್ಪನ್ನು ಕರಗಿಸುವ ಸ್ಟ್ರೆಪ್ಟೋಕೈನೇಸ್ ಎಂಬ ಔಷಧವು ಮೊದಲೇ ಇತ್ತು. ಅದು ನಿಜವಾಗಿ ಜೀವ ಉಳಿಸುತ್ತದೆಯೇ ಎಂಬುದನ್ನು ತಿಳಿಯಲು ಇಟಲಿಯ ವೈದ್ಯರು ಗಿಸ್ಸಿ ಎಂಬ ದೊಡ್ಡ ಪರೀಕ್ಷೆಯನ್ನು ನಡೆಸಿ 1986ರಲ್ಲಿ ಪ್ರಕಟಿಸಿದರು. ಅದರಲ್ಲಿ 11,806 ರೋಗಿಗಳಿದ್ದರು. ಚೀಟಿ ಎತ್ತಿದಂತೆ, ಯಾರ ಇಚ್ಛೆಗೂ ಎಡೆಯಿಲ್ಲದಂತೆ, ಅರ್ಧದಷ್ಟು ಮಂದಿಗೆ ಈ ಔಷಧವನ್ನು ಕೊಡಲಾಯಿತು. ಉಳಿದವರಿಗೆ ಎಂದಿನ ಚಿಕಿತ್ಸೆ ನಡೆಯಿತು. ಹೀಗೆ ಚೀಟಿ ಎತ್ತುವುದೇಕೆಂದರೆ, ವೈದ್ಯರು ಗಟ್ಟಿಮುಟ್ಟಾದವರನ್ನೇ ಆರಿಸಿ ಹೊಸ ಔಷಧ ಕೊಟ್ಟರೆ ಔಷಧದ ಗುಣ ಯಾವುದು, ರೋಗಿಯ ಗಟ್ಟಿತನ ಯಾವುದು ಎಂದು ಬೇರ್ಪಡಿಸಲು ಬಾರದು.

ಫಲಿತಾಂಶವನ್ನು ಅವರು ಗಂಟೆಗಳ ಪ್ರಕಾರ ವಿಂಗಡಿಸಿದರು. ನೋವು ಆರಂಭವಾದ ಒಂದು ಗಂಟೆಯೊಳಗೆ ಔಷಧ ಪಡೆದವರಲ್ಲಿ 21 ದಿನಗಳೊಳಗೆ ಸತ್ತವರು ಶೇಕಡಾ 8.2, ಅಷ್ಟೇ ಬೇಗ ಬಂದೂ ಔಷಧ ಪಡೆಯದವರಲ್ಲಿ ಶೇಕಡಾ 15.4. ನೂರಕ್ಕೆ ಏಳು ಜೀವಗಳ ಲಾಭ. ಮೂರರಿಂದ ಆರು ಗಂಟೆಯ ನಡುವೆ ಬಂದವರಲ್ಲಿ ಈ ಅಂಕಿಗಳು 11.7 ಮತ್ತು 14.1, ಲಾಭವು ನೂರಕ್ಕೆ ಎರಡೂವರೆಗಿಂತ ಕಡಿಮೆಗೆ ಇಳಿಯಿತು. ಆರು ಗಂಟೆಗಳ ನಂತರ ಬಂದವರಲ್ಲಿ ಖಚಿತವಾದ ಲಾಭವೇ ಕಾಣಲಿಲ್ಲ. ಔಷಧವು ಒಂದೇ, ಪ್ರಮಾಣವೂ ಒಂದೇ. ಬದಲಾದದ್ದು ಗಡಿಯಾರ ಮಾತ್ರ.

ಎರಡು ವರ್ಷಗಳ ಮೇಲೆ, 1988ರಲ್ಲಿ, ಐಸಿಸ್-2 ಎಂಬ ಇನ್ನೂ ದೊಡ್ಡ ಪರೀಕ್ಷೆ ಹೊರಬಂದಿತು. 417 ಆಸ್ಪತ್ರೆಗಳ 17,187 ರೋಗಿಗಳಲ್ಲಿ ಸ್ಟ್ರೆಪ್ಟೋಕೈನೇಸ್ ಜೊತೆಗೆ ನಮಗೆಲ್ಲ ತಿಳಿದಿರುವ ಆಸ್ಪಿರಿನ್ ಮಾತ್ರೆಯನ್ನೂ ಪರೀಕ್ಷಿಸಲಾಯಿತು. ಐದು ವಾರಗಳೊಳಗೆ ಹೃದಯ ಮತ್ತು ರಕ್ತನಾಳದ ಕಾರಣದಿಂದ ಸತ್ತವರು, ಎರಡನ್ನೂ ಪಡೆಯದವರಲ್ಲಿ ಶೇಕಡಾ 13.2, ಎರಡನ್ನೂ ಪಡೆದವರಲ್ಲಿ ಶೇಕಡಾ 8.0. ತಡವಾಗಿ ಬಂದವರಿಗೂ ಒಂದಿಷ್ಟು ಪ್ರಯೋಜನವಿದೆಯೆಂದು ಈ ಪರೀಕ್ಷೆ ತೋರಿಸಿತು. ಆದಕಾರಣ ‘ಹೊತ್ತು ಮೀರಿತು, ಇನ್ನೇಕೆ’ ಎಂದು ಯಾರೂ ಮನೆಯಲ್ಲೇ ಕೂರಬಾರದು. ಬೇಗ ಹೋದಷ್ಟು ಲಾಭ ಹೆಚ್ಚು ಎಂಬುದು ಮಾತ್ರ ಬದಲಾಗಲಿಲ್ಲ.

ಐಸಿಸ್-2 ವರದಿಯಲ್ಲಿ ಒಂದು ವಿನೋದದ ಪ್ರಸಂಗವಿದೆ. ರೋಗಿಗಳನ್ನು ಸಣ್ಣ ಸಣ್ಣ ಗುಂಪುಗಳಾಗಿ ಒಡೆದು ನೋಡಿದರೆ ಎಂತಹ ತಪ್ಪು ತೀರ್ಮಾನಕ್ಕೆ ಬರಬಹುದೆಂದು ತೋರಿಸಲು ಸಂಶೋಧಕರು ಅವರನ್ನು ಜನ್ಮರಾಶಿಯ ಪ್ರಕಾರ ವಿಂಗಡಿಸಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಮಾತ್ರ ಆಸ್ಪಿರಿನ್ ಉಪಯೋಗವಿಲ್ಲವೆಂಬಂತೆ ಲೆಕ್ಕ ಬಂದಿತು! ಅದು ಕೇವಲ ಆಕಸ್ಮಿಕ. ‘ನಮ್ಮ ಭಾವನವರಿಗೆ ಹಾಗೆ ಆಗಲಿಲ್ಲ’ ಎಂಬ ಒಂದೆರಡು ಉದಾಹರಣೆಗಳಿಂದ ವೈದ್ಯಶಾಸ್ತ್ರವನ್ನು ಅಳೆಯುವ ನಮ್ಮ ಅಭ್ಯಾಸಕ್ಕೂ ಇದು ಉತ್ತರವಾಗಬಲ್ಲದು.

ಬೆಂಗಳೂರಿನಲ್ಲಿ ಸಿದ್ಧವಾದ ಲೆಕ್ಕ

ಇಟಲಿಯ ಮಾತು ಹಾಗಿರಲಿ, ನಮ್ಮ ದೇಶದ ಸ್ಥಿತಿಯೇನು? ಇದಕ್ಕೆ ಉತ್ತರ ಕೊಟ್ಟದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆ ಎಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ. ಅಲ್ಲಿಯ ಡಾ. ಡೆನಿಸ್ ಝೇವಿಯರ್, ಡಾ. ಪ್ರೇಮ್ ಪೈಸ್ ಮತ್ತು ಸಂಗಡಿಗರು, ಅದೇ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ನೆಲೆಸಿದ ಡಾ. ಸಲೀಂ ಯೂಸುಫ್ ಅವರೊಡನೆ ಸೇರಿ, ಕ್ರಿಯೇಟ್ ಎಂಬ ದಾಖಲಾತಿಯನ್ನು ನಡೆಸಿದರು. ದೇಶದ 50 ನಗರಗಳ 89 ಆಸ್ಪತ್ರೆಗಳಲ್ಲಿ ಹೃದಯಾಘಾತ ಮತ್ತು ಅದಕ್ಕೆ ಸಮೀಪದ ತೊಂದರೆಗಳಿಂದ ದಾಖಲಾದ 20,468 ರೋಗಿಗಳ ವಿವರ ಅದರಲ್ಲಿದೆ. 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿತು.

ಅದರ ಒಂದು ಅಂಕಿಯನ್ನು ನಾವೆಲ್ಲರೂ ಕಂಠಪಾಠ ಮಾಡತಕ್ಕದ್ದು. ನೋವು ಆರಂಭವಾದಾಗಿನಿಂದ ಆಸ್ಪತ್ರೆ ತಲುಪುವವರೆಗೆ ಕಳೆದ ಮಧ್ಯಾಂಕ ಸಮಯ 360 ನಿಮಿಷ. ಮಧ್ಯಾಂಕವೆಂದರೆ ಸರಾಸರಿಯಲ್ಲ. ಬ್ಯಾಂಕಿನ ನಗದು ಕೌಂಟರಿಗೆ ಬಂದ 101 ಗ್ರಾಹಕರನ್ನು ಅವರು ಕಾದ ಸಮಯದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವ ಐವತ್ತೊಂದನೆಯವನು ಕಾದ ಸಮಯ ಅದು. ಅಂದರೆ ರೋಗಿಗಳಲ್ಲಿ ಅರ್ಧದಷ್ಟು ಮಂದಿ ಆಸ್ಪತ್ರೆಯ ಬಾಗಿಲು ಕಾಣುವ ಹೊತ್ತಿಗೆ ಆರು ಗಂಟೆಯೋ ಅದಕ್ಕಿಂತ ಹೆಚ್ಚೋ ಕಳೆದುಹೋಗಿತ್ತು. ಇಟಲಿಯ ಪರೀಕ್ಷೆಯಲ್ಲಿ ಔಷಧದ ಲಾಭ ಮುಗಿದುಹೋದ ಗಡಿಯೂ ಅದೇ ಆರು ಗಂಟೆ! ನಾಲ್ವರಲ್ಲಿ ಒಬ್ಬರು ಬಂದದ್ದು 1,317 ನಿಮಿಷಗಳ, ಎಂದರೆ ಸುಮಾರು 22 ಗಂಟೆಗಳ, ನಂತರ.

ಆಸ್ಪತ್ರೆಯೊಳಗೆ ಬಂದಮೇಲೆ ಹೆಪ್ಪು ಕರಗಿಸುವ ಔಷಧ ಕೊಡಲು ಹಿಡಿದ ಮಧ್ಯಾಂಕ ಸಮಯ 50 ನಿಮಿಷ. ಹೊರಗೆ 360, ಒಳಗೆ 50. ವಿಳಂಬವೆಂದೊಡನೆ ನಾವು ಆಸ್ಪತ್ರೆಯವರನ್ನು ದೂರುತ್ತೇವೆ. ದೂರಲು ಕಾರಣಗಳೂ ಕೆಲವೊಮ್ಮೆ ಇರುತ್ತವೆ. ಆದರೆ ಅವರು ತೆಗೆದುಕೊಂಡ ಸಮಯದ ಏಳು ಪಾಲು ಆಸ್ಪತ್ರೆಯ ಹೊರಗೇ ಕಳೆದುಹೋಯಿತು. ಆ ಸಮಯವು ವೈದ್ಯರ ಖಾತೆಯದಲ್ಲ.

ಈ ದಾಖಲಾತಿಯು ಇನ್ನೊಂದು ಕಹಿ ಸತ್ಯವನ್ನೂ ಹೇಳಿತು. 30 ದಿನಗಳೊಳಗೆ ಸತ್ತವರು ಸಿರಿವಂತರಲ್ಲಿ ಶೇಕಡಾ 5.5, ಬಡವರಲ್ಲಿ ಶೇಕಡಾ 8.2. ಪಡೆದ ಚಿಕಿತ್ಸೆಯಲ್ಲಿದ್ದ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿದೂಗಿಸಿ ನೋಡಿದಾಗ ಈ ಅಂತರ ಅಳಿಸಿಹೋಯಿತು. ಬಡವನ ಹೃದಯವು ಹುಟ್ಟಿನಿಂದಲೇ ದುರ್ಬಲವೆಂದಲ್ಲ. ಅವನಿಗೆ ದೊರೆತ ಚಿಕಿತ್ಸೆ ಕಡಿಮೆ ಎಂದು ಇದರಿಂದ ತಿಳಿಯಬಹುದಾಗಿದೆ. ನಮ್ಮ ಮನೆಗಳಲ್ಲಿ ಅಡಿಗೆ ಮಾಡುವವರು, ಕಟ್ಟಡದ ಕಾವಲುಗಾರರು, ಸಂಘದ ಸಮಾರಂಭಗಳಲ್ಲಿ ಬಡಿಸುವವರು ಇವರೆಲ್ಲರ ನೆನಪೂ ಈ ಅಂಕಿಯ ಜೊತೆಗೆ ನಮಗಿರಬೇಕು.

ತಮಿಳುನಾಡಿನ ಪ್ರಯೋಗ

ನಾವು ನೆಲೆಸಿರುವ ಈ ರಾಜ್ಯದಲ್ಲೂ ಮಹತ್ವದ ಕೆಲಸ ನಡೆದಿದೆ. ಕೊಯಮತ್ತೂರಿನ ಡಾ. ಥಾಮಸ್ ಅಲೆಗ್ಸಾಂಡರ್, ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನ ಡಾ. ಅಜಿತ್ ಮುಲ್ಲಸಾರಿ ಮೊದಲಾದವರು 2012ರಿಂದ 2014ರವರೆಗೆ ನಡೆಸಿದ ಅಧ್ಯಯನವದು. ಅದರ ತತ್ತ್ವ ಬಂಡಿಯ ಗಾಲಿಯಂತೆ. ಬಲೂನಿನಿಂದ ನಾಳ ಬಿಡಿಸುವ ಆಂಜಿಯೋಪ್ಲಾಸ್ಟಿ ಸೌಲಭ್ಯವುಳ್ಳ ದೊಡ್ಡ ಆಸ್ಪತ್ರೆ ನಡುವಿನ ಗುಂಬ. ಸುತ್ತಣ ಚಿಕ್ಕ ಆಸ್ಪತ್ರೆಗಳು ಅರಕಾಲುಗಳು. ಹತ್ತಿರದ ಚಿಕ್ಕ ಆಸ್ಪತ್ರೆಯಲ್ಲಿಯೇ ಇ.ಸಿ.ಜಿ. ತೆಗೆದು ಹೆಪ್ಪು ಕರಗಿಸುವ ಔಷಧ ಕೊಡುವುದು, ಬಳಿಕ ಆಂಬುಲೆನ್ಸ್‌ನಲ್ಲಿ ದೊಡ್ಡ ಆಸ್ಪತ್ರೆಗೆ ಕಳುಹಿಸುವುದು, ಬಡವರ ಖರ್ಚಿಗೆ ಸರ್ಕಾರದ ವಿಮಾ ಯೋಜನೆಯನ್ನು ಬಳಸುವುದು. ಹೀಗೆ ಇದ್ದ ಸಾಧನಗಳನ್ನೇ ಜೋಡಿಸಿದರು.

2017ರಲ್ಲಿ ಪ್ರಕಟವಾದ ಅದರ ವರದಿಯಲ್ಲಿ 2,420 ರೋಗಿಗಳ ಲೆಕ್ಕವಿದೆ. ವ್ಯವಸ್ಥೆ ಜಾರಿಗೆ ಬರುವ ಮೊದಲು ಒಂದು ವರ್ಷದೊಳಗೆ ಸಾಯುತ್ತಿದ್ದವರು ಶೇಕಡಾ 17.6, ಜಾರಿಗೆ ಬಂದಮೇಲೆ ಶೇಕಡಾ 14.2. ಇದು ಚೀಟಿ ಎತ್ತಿದ ಪರೀಕ್ಷೆಯಲ್ಲ, ಮೊದಲಿಗೂ ಆಮೇಲಿಗೂ ಮಾಡಿದ ಹೋಲಿಕೆ ಎಂಬುದನ್ನು ಮರೆಯಬಾರದು. ಹಾಗಿದ್ದರೂ ಹೊಸ ಔಷಧವನ್ನೇನೂ ಕಂಡುಹಿಡಿಯದೆ, ಹೊತ್ತು ಮತ್ತು ವ್ಯವಸ್ಥೆಗಳನ್ನು ಸರಿಪಡಿಸಿದುದರಿಂದಲೇ ಇಷ್ಟು ಸಾಧಿಸಬಹುದೆಂಬ ಭರವಸೆಯನ್ನು ಅದು ಕೊಟ್ಟಿತು.

ಆಂಜಿಯೋಪ್ಲಾಸ್ಟಿಯನ್ನು ಸಕಾಲದಲ್ಲಿ, ಅಂದರೆ ರೋಗ ಗುರುತಿಸಿದ ಸುಮಾರು 120 ನಿಮಿಷಗಳೊಳಗೆ ಮಾಡಲು ಸಾಧ್ಯವಿದ್ದರೆ ಅದೇ ಶ್ರೇಷ್ಠವೆಂದು ಮಾರ್ಗಸೂಚಿಗಳು ಹೇಳುತ್ತವೆ. ಅಷ್ಟರಲ್ಲಿ ಸಾಧ್ಯವಿಲ್ಲದಿದ್ದರೆ ಮೊದಲು ಔಷಧ, ಆಮೇಲೆ ದೊಡ್ಡ ಆಸ್ಪತ್ರೆ. ಕರ್ನಾಟಕದಲ್ಲಿಯೂ ಇದೇ ತತ್ತ್ವವನ್ನು ಅನುಸರಿಸಿ, 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ನಮ್ಮನ್ನಗಲಿದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆಯನ್ನು ಸರ್ಕಾರ ಆರಂಭಿಸಿತು. ಊರಿನಲ್ಲಿರುವ ನಮ್ಮ ತಂದೆತಾಯಿಗಳಿಗೆ, ಬಂಧುಗಳಿಗೆ ಈ ವಿಷಯವನ್ನು ತಿಳಿಸುವುದು ಒಳಿತು.

ಮನೆಯಲ್ಲಿ ಕಳೆಯುವ ಹೊತ್ತು

ಇನ್ನು ಆ 360 ನಿಮಿಷಗಳಿಗೆ ಬರೋಣ. ಮೈಲಾಪೂರಿನಂತಹ ನಗರದ ನಡುಭಾಗದಲ್ಲಿ ವಾಸಿಸುವ ನಮಗೆ ಆಸ್ಪತ್ರೆ ದೂರವೆಂದು ಹೇಳುವಂತಿಲ್ಲ. ಹಾಗಾದರೆ ಹೊತ್ತು ಹೋಗುವುದೆಲ್ಲಿ?

ಮೊದಲನೆಯ ಕಾರಣ ‘ಗ್ಯಾಸ್’ ಎಂಬ ಎರಡಕ್ಷರ. ಎದೆಯ ನಡುವೆ ಭಾರವೆನಿಸಿದರೆ, ಬೆವರಿದರೆ, ನಿನ್ನೆಯ ಮದುವೆಯೂಟದ ನೆನಪಾಗುತ್ತದೆ. ಓಮದ ನೀರು, ಶುಂಠಿ ಕಷಾಯ, ಸೋಡ ಇವುಗಳಲ್ಲಿ ಎರಡು ಗಂಟೆ ಕಳೆಯುತ್ತದೆ. ನಮ್ಮ ಬೀದಿಯ ಹಿರಿಯರೊಬ್ಬರು ರಾತ್ರಿ ಹತ್ತಕ್ಕೆ ಬಂದ ನೋವನ್ನು ಅಜೀರ್ಣವೆಂದೇ ತಿಳಿದು, ಮಲಗಿರುವವರನ್ನು ಎಬ್ಬಿಸುವುದೇಕೆಂದು ಬೆಳಗಿನ ಕಾಫಿಯವರೆಗೆ ಗೋಡೆಗೊರಗಿ ಕುಳಿತಿದ್ದರು. ಅವರ ಪುಣ್ಯದಿಂದ ಜೀವವುಳಿಯಿತು. ಆದರೆ ದಿನವೂ ಬೆಳಗ್ಗೆ ಕಪಾಲಿ ದೇವಸ್ಥಾನದ ಕೆರೆಯನ್ನು ಮೂರು ಸುತ್ತು ಬರುತ್ತಿದ್ದವರು ಇಂದು ಒಂದು ಮಹಡಿ ಹತ್ತಿದರೆ ಏದುಸಿರು ಬಿಡುತ್ತಾರೆ. ಸತ್ತ ಸ್ನಾಯುವು ಮತ್ತೆ ಹುಟ್ಟುವುದಿಲ್ಲವೆಂದು ಮೇಲೆ ಹೇಳಿದುದರ ಅರ್ಥ ಇದು.

ಎರಡನೆಯದು, ನೋವು ಎದೆಯ ಎಡಭಾಗದಲ್ಲೇ ಬರಬೇಕು, ಕುಸಿದು ಬೀಳುವಂತಿರಬೇಕು ಎಂಬ ತಪ್ಪು ಕಲ್ಪನೆ. ಎದೆಯ ನಡುವೆ ಹಿಂಡಿದಂತೆ, ಕಲ್ಲಿಟ್ಟಂತೆ ಇರಬಹುದು. ದವಡೆಗೆ, ಭುಜಕ್ಕೆ, ತೋಳಿಗೆ, ಬೆನ್ನಿಗೆ ಹರಡಬಹುದು. ಮಧುಮೇಹಿಗಳಲ್ಲಿ, ಸ್ತ್ರೀಯರಲ್ಲಿ, ವೃದ್ಧರಲ್ಲಿ ನೋವೇ ಇಲ್ಲದೆ ಕೇವಲ ಉಸಿರಾಟದ ಕಷ್ಟ, ವಾಕರಿಕೆ, ಅತಿಯಾದ ಆಯಾಸ ಕಾಣಿಸಬಹುದು. ಮನೆಯ ಗೃಹಿಣಿಯು ‘ಯಾಕೋ ಸುಸ್ತು’ ಎಂದಾಗ ಅಡಿಗೆ ಮುಗಿಯಲೆಂದು ಕಾಯುವ ಮನೆಗಳು ಇಂದಿಗೂ ಇವೆ.

ಮೂರನೆಯದು, ತೀರ್ಮಾನ ಮಾಡುವವರು ಯಾರೆಂಬ ಗೊಂದಲ. ಮಗ ಅಮೆರಿಕದಲ್ಲಿ, ಮಗಳು ಬೆಂಗಳೂರಿನಲ್ಲಿ, ಮೂರನೆಯ ಮಹಡಿಯಲ್ಲಿ ವೃದ್ಧ ದಂಪತಿಗಳಿಬ್ಬರೇ. ಮಗನಿಗೆ ಫೋನ್ ಮಾಡಿ ಕೇಳೋಣ, ಅಲ್ಲಿ ಈಗ ರಾತ್ರಿ, ಬೆಳಗಾಗಲಿ ಎಂಬಲ್ಲಿಗೆ ಹೊತ್ತು ಕಳೆಯುತ್ತದೆ.

ನಾಲ್ಕನೆಯದು ನಮ್ಮಂತಹ ವಲಸೆಗಾರರಿಗೇ ವಿಶೇಷವಾದುದು. ‘ಬೆಳಗಿನ ಬೃಂದಾವನ್ ಹಿಡಿದು ಬೆಂಗಳೂರಿಗೆ ಹೋಗಿ ಜಯದೇವದಲ್ಲೇ ತೋರಿಸೋಣ, ಅಲ್ಲಿ ಭಾಷೆಯೂ ನಮ್ಮದು, ನೋಡಿಕೊಳ್ಳಲು ತಮ್ಮನ ಮನೆಯೂ ಇದೆ’ ಎಂಬ ಮಾತನ್ನು ಕೇಳಿದ್ದೇವೆ. ಜಯದೇವ ಹೃದ್ರೋಗ ಸಂಸ್ಥೆಯು ನಮ್ಮೆಲ್ಲರ ಹೆಮ್ಮೆ ಎಂಬುದು ನಿಜ. ನಿಧಾನವಾಗಿ ವಿಚಾರಿಸಬಹುದಾದ ತಪಾಸಣೆಗೆ ಅಲ್ಲಿಗೆ ಹೋಗಬಹುದು. ಆದರೆ ಎದೆನೋವು ಇರುವಾಗ ಆ ಪ್ರಯಾಣ ಕೂಡದು. ಬೃಂದಾವನ್ ಗಾಡಿಗೆ ಬೆಂಗಳೂರು ಸೇರಲು ಸುಮಾರು ಆರು ಗಂಟೆ ಬೇಕು. ಆ ಆರು ಗಂಟೆಗಳ ಬೆಲೆಯೇನೆಂದು ಮೇಲಿನ ಲೆಕ್ಕದಲ್ಲಿ ನೋಡಿದ್ದೇವೆ.

ಐದನೆಯದು ಬೀದಿ. ಪಂಗುಣಿ ಮಾಸದ ಅರುವತ್ತಮೂವರ ಉತ್ಸವದ ದಿನ ನಾಲ್ಕು ಮಾಡ ಬೀದಿಗಳಲ್ಲಿ ಸೈಕಲ್ ಕೂಡ ನುಸುಳಲಾರದು. ಮೆಟ್ರೋ ಸುರಂಗದ ಕಾಮಗಾರಿ ಆರಂಭವಾದಮೇಲೆ ಲಸ್ ವೃತ್ತದ ಸುತ್ತಲಿನ ದಾರಿಗಳು ಪದೇ ಪದೇ ಬದಲಾದುದನ್ನು ನಾವೆಲ್ಲ ಕಂಡಿದ್ದೇವೆ. ಯಾವ ದಿನ ಯಾವ ದಾರಿಯಿಂದ ಹೊರಬೀಳಬೇಕೆಂಬುದನ್ನು ನೋವಿಲ್ಲದ ದಿನವೇ ಯೋಚಿಸಿಟ್ಟುಕೊಳ್ಳಬೇಕು.

ಮನೆಗೆ ಮರಳಿದ ಮೇಲೆ

ಆಸ್ಪತ್ರೆಯಿಂದ ಬಂದೊಡನೆ ಕಾಯಿಲೆ ತೀರಿತೆಂದು ತಿಳಿಯಬಾರದು. ಆಂಜಿಯೋಪ್ಲಾಸ್ಟಿಯು ಮುಚ್ಚಿದ ಒಂದು ಜಾಗವನ್ನು ತೆರೆಯುತ್ತದೆ. ನಾಳಗಳಲ್ಲಿ ಕೊಬ್ಬು ಸೇರುವ ಪ್ರವೃತ್ತಿಯನ್ನು ತಡೆಯುವುದಿಲ್ಲ. ಅದಕ್ಕೆ ಮಾತ್ರೆಗಳೂ ಪಥ್ಯವೂ ಬೇಕು. ‘ಈಗ ಹುಷಾರಾಗಿದ್ದೇನೆ, ಮಾತ್ರೆ ಏಕೆ?’ ಎಂದು ನಿಲ್ಲಿಸುವವರು ಬಹಳ. ಸೇಂಟ್ ಜಾನ್ಸ್‌ನ ತಂಡವೇ ಇದರ ಬಗ್ಗೆ ಇನ್ನೊಂದು ಪರೀಕ್ಷೆಯನ್ನು ನಡೆಸಿ 2016ರಲ್ಲಿ ಪ್ರಕಟಿಸಿತು. 14 ಆಸ್ಪತ್ರೆಗಳ 806 ರೋಗಿಗಳಲ್ಲಿ ಒಂದು ಗುಂಪಿಗೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಒಂದು ವರ್ಷ ಕಾಲ ಮಾತ್ರೆಗಳ ಬಗ್ಗೆ, ಊಟ ಮತ್ತು ವ್ಯಾಯಾಮದ ಬಗ್ಗೆ ತಿಳಿಹೇಳುತ್ತಿದ್ದರು. ಆ ಗುಂಪಿನಲ್ಲಿ ಮಾತ್ರೆಗಳನ್ನು ತಪ್ಪದೆ ನುಂಗಿದವರು ಶೇಕಡಾ 97. ಇನ್ನೊಂದು ಗುಂಪಿನಲ್ಲಿ ಶೇಕಡಾ 92. ಈ ಕಾರ್ಯಕರ್ತರು ವೈದ್ಯರಾಗಿರಲಿಲ್ಲ. ಅವರು ಮಾಡಿದ ಕೆಲಸವನ್ನು ಮನೆಯ ಸೊಸೆಯೋ ಮೊಮ್ಮಗನೋ ಸಂಘದ ಕಾರ್ಯಕರ್ತನೋ ಕೊಂಚಮಟ್ಟಿಗೆ ಮಾಡಬಹುದು.

ಇನ್ನು ರೋಗ ಬಾರದಂತೆ ತಡೆಯುವ ಮಾತು. ಡಾ. ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನವು 2004ರಲ್ಲಿ ಹೊರಬಂದಿತು. ಧೂಮಪಾನ, ರಕ್ತದ ಕೊಬ್ಬಿನ ಏರುಪೇರು, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು ತರಕಾರಿಗಳ ಕೊರತೆ, ವ್ಯಾಯಾಮದ ಕೊರತೆ ಮುಂತಾದ ಒಂಬತ್ತು ಅಂಶಗಳೇ ಮೊದಲ ಹೃದಯಾಘಾತದ ಅಪಾಯದಲ್ಲಿ ಪುರುಷರಲ್ಲಿ ಶೇಕಡಾ 90, ಸ್ತ್ರೀಯರಲ್ಲಿ ಶೇಕಡಾ 94 ಪಾಲನ್ನು ಹೊರುತ್ತವೆಂದು ಅದು ತೋರಿಸಿತು. ಅದೇ ಅಧ್ಯಯನದ ಮೇಲೆ ಆಧರಿಸಿ 2007ರಲ್ಲಿ ಬಂದ ವರದಿಯ ಪ್ರಕಾರ ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53, ಇತರರಲ್ಲಿ 58.8. ನಿವೃತ್ತಿಗೆ ಇನ್ನೂ ಏಳು ವರ್ಷವಿರುವಾಗಲೇ, ಗೃಹಸಾಲದ ಕಂತು ತೀರುವ ಮೊದಲೇ, ಈ ಕಷ್ಟ ಬರಬಹುದೆಂದಾಯಿತು. ನಲವತ್ತು ದಾಟಿದ ಪ್ರತಿಯೊಬ್ಬರೂ ರಕ್ತದೊತ್ತಡ, ಸಕ್ಕರೆ, ಕೊಬ್ಬು ಈ ಮೂರನ್ನು ಕಾಲಕಾಲಕ್ಕೆ ನೋಡಿಸಿಕೊಳ್ಳುವುದು ಲೇಸು.

ಇಂದೇ ಮಾಡಿಡಬಹುದಾದ ಸಿದ್ಧತೆ

1. ನಿಮ್ಮ ಮನೆಗೆ ಹತ್ತಿರದಲ್ಲಿ ಹಗಲೂ ರಾತ್ರಿಯೂ ಇ.ಸಿ.ಜಿ. ತೆಗೆದು ತುರ್ತು ಚಿಕಿತ್ಸೆ ಕೊಡುವ ಆಸ್ಪತ್ರೆ ಯಾವುದು, ರಾತ್ರಿಯಲ್ಲೂ ಆಂಜಿಯೋಪ್ಲಾಸ್ಟಿ ಮಾಡುವ ಆಸ್ಪತ್ರೆ ಯಾವುದು ಎಂಬುದನ್ನು ನೀವೇ ಹೋಗಿ ವಿಚಾರಿಸಿರಿ. ವಿಮೆಯ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದೂ ಕೇಳಿರಿ.

2. ಆ ಆಸ್ಪತ್ರೆಗಳ ದೂರವಾಣಿ, ಆಂಬುಲೆನ್ಸ್‌ನ 108, ನೆರೆಮನೆಯವರ ದೂರವಾಣಿ ಇವಿಷ್ಟನ್ನು ದಪ್ಪಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿರಿ. ಕನ್ನಡ ಓದಲು ಬಾರದ ನೆರೆಯವರಿಗಾಗಿ ತಮಿಳಿನಲ್ಲಿಯೂ ಬರೆದಿರಲಿ.

3. ಎದೆಯಲ್ಲಿ ಹಿಂಡುವ ನೋವು ಕೆಲವು ನಿಮಿಷಗಳಲ್ಲಿ ಇಳಿಯದಿದ್ದರೆ, ಅಥವಾ ಬೆವರು, ಉಸಿರಾಟದ ಕಷ್ಟ ಜೊತೆಗೂಡಿದ್ದರೆ, ಯಾರ ಅಪ್ಪಣೆಗೂ ಕಾಯದೆ 108ಕ್ಕೆ ಫೋನ್ ಮಾಡಿರಿ. ‘ನೆಂಜು ವಲಿ’ ಎಂಬ ಎರಡು ತಮಿಳು ಮಾತುಗಳೂ ವಿಳಾಸವೂ ಸಾಕು. ಮಗನಿಗೆ ಆಮೇಲೆ ತಿಳಿಸಬಹುದು.

4. ರೋಗಿಯು ಮೆಟ್ಟಿಲು ಇಳಿಯುವುದು, ತಾನೇ ಸ್ಕೂಟರ್ ಅಥವಾ ಕಾರು ಓಡಿಸುವುದು ಕೂಡದು. ಒಬ್ಬರೇ ಇದ್ದರೆ ಫೋನ್ ಮಾಡಿದೊಡನೆ ಬಾಗಿಲ ಅಗುಳಿ ತೆಗೆದಿಟ್ಟು ಕುಳಿತಿರಬೇಕು.

5. ಆಸ್ಪಿರಿನ್ ಜೀವ ಉಳಿಸುವ ಔಷಧವೇ ಆದರೂ ಹೊಟ್ಟೆಹುಣ್ಣು, ರಕ್ತಸ್ರಾವ, ಒಗ್ಗದಿರುವಿಕೆ ಉಳ್ಳವರಿಗೆ ಅಪಾಯಕರ. ನಾಲಗೆಯ ಕೆಳಗಿಡುವ ಮಾತ್ರೆಯು ರಕ್ತದೊತ್ತಡವನ್ನು ತೀರ ಇಳಿಸಬಹುದು. ಇವುಗಳನ್ನು ತೆಗೆದುಕೊಳ್ಳಬಹುದೇ ಎಂದು ನಿಮ್ಮ ವೈದ್ಯರನ್ನು ಮುಂಚಿತವಾಗಿಯೇ ಕೇಳಿಟ್ಟುಕೊಳ್ಳಿರಿ.

6. ಹಳೆಯ ಇ.ಸಿ.ಜಿ., ನುಂಗುತ್ತಿರುವ ಮಾತ್ರೆಗಳ ಪಟ್ಟಿ, ವಿಮೆಯ ಕಾಗದ ಇವು ಒಂದೇ ಕಡತದಲ್ಲಿರಲಿ. ಬೀರುವಿನ ಕೀಲಿಕೈ ಎಲ್ಲಿದೆಯೆಂಬುದು ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ತಿಳಿದಿರಲಿ.

7. ನೋವು ಎಷ್ಟು ಗಂಟೆಗೆ ಆರಂಭವಾಯಿತೆಂಬುದನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿರಿ. ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.

ನಮ್ಮ ಸಂಘದಲ್ಲಿ ನಾಟಕಕ್ಕೆ, ರಾಜ್ಯೋತ್ಸವಕ್ಕೆ ಉತ್ಸಾಹದಿಂದ ದುಡಿಯುವ ತರುಣರಿಗೆ ಕೊರತೆಯಿಲ್ಲ. ಒಂಟಿಯಾಗಿರುವ ಹಿರಿಯ ಸದಸ್ಯರ ಮನೆಗೆ ಅವರಲ್ಲಿ ಇಬ್ಬಿಬ್ಬರು ಹೋಗಿ, ಬಾಗಿಲ ಹಿಂದಿನ ಆ ಕಾಗದವನ್ನು ಬರೆದು ಅಂಟಿಸಿ ಬಂದರೆ ಒಂದು ಭಾನುವಾರದಲ್ಲಿ ಕೆಲಸ ಮುಗಿದೀತು. ಖರ್ಚೂ ಏನಿಲ್ಲ.

ವಿಜ್ಞಾನಿಗಳು ಹೆಪ್ಪನ್ನು ಕರಗಿಸುವ ಮದ್ದನ್ನು ಕೊಟ್ಟರು. ವೈದ್ಯರು ಆಸ್ಪತ್ರೆಯೊಳಗಿನ ನಿಮಿಷಗಳನ್ನು ಕಡಿಮೆಮಾಡಲು ದುಡಿಯುತ್ತಿದ್ದಾರೆ. ಮನೆಯಿಂದ ಆಸ್ಪತ್ರೆಯ ಬಾಗಿಲವರೆಗಿನ ಹೊತ್ತನ್ನು ಉಳಿಸಬೇಕಾದವರು ನಾವು. ಸಂಘದ ಸಮಸ್ತ ಬಂಧುಗಳಿಗೂ ಅವರ ಕುಟುಂಬದವರಿಗೂ ಆಯುರಾರೋಗ್ಯಗಳು ಲಭಿಸಲೆಂದು ಹಾರೈಸುತ್ತೇನೆ.